ಒಂದು ಗಂಟೆಗೆ

ನಮ್ಮೂರಿನಲ್ಲಿ ಯಾವ ಗಂಟೆ ಬಾರಿಸಿದರೂ ಅದರ ಸದ್ದು ಕೇಳಿಸುವುದು ಒಂದು ಗಂಟೆ ಕಳೆದ ಮೇಲೆ. ಬಾರಿಸಿದ ಜಾಗದಲ್ಲೇ ಕೇಳಿಸುತ್ತದೆ, ಬಾರಿಸಿದಷ್ಟೇ ಸಲ ಕೇಳಿಸುತ್ತದೆ, ಅದರಲ್ಲೇನೂ ಮೋಸವಿಲ್ಲ. ದೇವಸ್ಥಾನದ ಗಂಟೆಯಾಗಲಿ, ಎತ್ತಿನ ಕೊರಳಿನದಾಗಲಿ, ಸೈಕಲ್ಲಿನದಾಗಲಿ ಎಲ್ಲಕ್ಕೂ ಇದೇ ಕಾನೂನು. ಮಿಕ್ಕ ಸದ್ದುಗಳು ನಿಮ್ಮೂರಿನ ಹಾಗೆಯೇ. ಕುಕ್ಕರು ಕೂಗುವ ಹೊತ್ತಿಗೇ ಕೂಗುತ್ತದೆ, ಅತ್ತೆ ಬೈದದ್ದು ಬೈದ ಕೂಡಲೇ ಕೇಳಿಸುತ್ತದೆ. ಅರ್ಚಕರು ಮಂಗಳಾರತಿಗೆ ಒಂದು ಗಂಟೆ ಮುಂಚೆ ಬಂದು ಗಂಟೆ ಬಾರಿಸಿಟ್ಟು, ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಡ್ಯಾನ್ಸ್ ಕ್ಲಾಸಿನ ಟೀಚರು ನಾಲ್ಕಕ್ಕೆ ಮಕ್ಕಳನ್ನು ಕುಣಿಸಿ, ಐದಕ್ಕೆ ಎಲ್ಲರನ್ನೂ ಗೋಡೆಗೆ ಒರಗಿಸಿ ಕೂರಿಸಿ, ಖಾಲಿ ಹಾಲಿನಲ್ಲಿ ಕೇಳಿಬರುವ ಗೆಜ್ಜೆಯಲ್ಲಿ ಯಾರ ಕಾಲು ತಪ್ಪಿತು ಎಂದು ಹೇಳುತ್ತಾರೆ. ಮಕ್ಕಳಿಗೆ ಸುಳ್ಳು ಹೇಳಲು ಅವಕಾಶವೇ ಇಲ್ಲ.

ನಾನು ಕುಮುದ. ಒಂದರಿಂದ ಹತ್ತನೇ ಕ್ಲಾಸಿನವರೆಗಿರುವ ಶಾಲೆಯಲ್ಲಿ ಗಂಟೆ ಹೊಡೆಯುವವಳು. ಕಾಗದದ ಮೇಲೆ ಅಟೆಂಡರ್ ಎಂದಿದೆ, ಆದರೆ ಫೈಲು ಹಿಡಿದು ಓಡಾಡುವುದಕ್ಕೆ ಬೇರೆಯವರಿದ್ದಾರೆ. ಹತ್ತಕ್ಕೆ ಶಾಲೆ ಶುರುವಾಗಬೇಕಾದರೆ ಒಂಬತ್ತಕ್ಕೆ ಹೊಡೆಯಬೇಕು. ನಾಲ್ಕೂವರೆಯ ಲಾಂಗ್ ಬೆಲ್ಲನ್ನು ಮೂರೂವರೆಗೆ ಹೊಡೆದರೆ ನನ್ನ ಕೆಲಸ ಮುಗಿಯಿತು. ಅದು ಕೇಳಿಸುವ ಹೊತ್ತಿಗೆ ನಾನು ಮನೆಯಲ್ಲಿ ಅಕ್ಕಿ ಆರಿಸುತ್ತಿರುತ್ತೇನೆ. ಹದಿನೈದು ವರ್ಷದಲ್ಲಿ ನನ್ನ ಲಾಂಗ್ ಬೆಲ್ಲನ್ನು ನಾನೇ ಕೇಳಿದ್ದು ಎರಡೋ ಮೂರೋ ಸಲ. ಯಾವಾಗಲೂ ಒಂದು ಗಂಟೆ ಮುಂದಿನದನ್ನೇ ಯೋಚಿಸಿ ಯೋಚಿಸಿ ಅದೇ ನನ್ನ ಸ್ವಭಾವವಾಗಿಬಿಟ್ಟಿದೆ. ಮದುವೆಮನೆಗೆ ಹೋದರೆ ಊಟಕ್ಕೆ ಕೂರುವ ಮೊದಲೇ ಚಪ್ಪಲಿ ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತೇನೆ.

ಮದುವೆ ಕೇಳುವುದಕ್ಕೂ ನಮ್ಮೂರಿನಲ್ಲಿ ಗಂಟೆಯೇ. ಹುಡುಗ ಬಂದು ಹುಡುಗಿಯ ಮನೆ ಬಾಗಿಲ ಮುಂದೆ ಮೂರು ಸಲ ಗಂಟೆ ಬಾರಿಸಿ ಹೊರಟುಹೋಗಬೇಕು. ಇದಕ್ಕೆ ಗಂಟೆ ಇಡುವುದು ಎನ್ನುತ್ತೇವೆ. ಕಂಡವರು ಆ ಒಂದು ಗಂಟೆ ಬಾಯಿ ಬಿಡುವ ಹಾಗಿಲ್ಲ. ಮನಸ್ಸು ಬದಲಾಯಿಸಲು ಅವನಿಗೆ ಅಷ್ಟು ಸಮಯವಿರುತ್ತದೆ. ಸದ್ದು ಕೇಳಿಸುವ ಹೊತ್ತಿಗೆ ಅವನು ವಾಪಸ್ಸು ಬಂದು ಮೆಟ್ಟಿಲ ಕೆಳಗೆ ನಿಂತಿರಬೇಕು. ಮನೆಯವರು ಬಾಗಿಲು ತೆಗೆಯುತ್ತಾರೆ, ಮಾತುಕತೆ ಶುರುವಾಗುತ್ತದೆ. ಬಾರದೆ ಹೋದರೆ ಅದನ್ನು ಖಾಲಿ ಗಂಟೆ ಎನ್ನುತ್ತಾರೆ. ಅಂಥದ್ದು ಹತ್ತು ಹದಿನೈದು ವರ್ಷಕ್ಕೊಮ್ಮೆ ನಡೆದರೆ ಹೆಚ್ಚು. ಹನ್ನೆರಡು ವರ್ಷದ ಹಿಂದೆ ನಡೆದದ್ದು ನಮ್ಮ ಮನೆಯ ಮುಂದೆ. ನನಗಾಗ ಇಪ್ಪತ್ತೈದು. ಗಂಟೆ ಕೇಳಿಸಿತು, ಸೀರೆ ಸರಿಮಾಡಿಕೊಂಡು ಹೋಗಿ ಬಾಗಿಲು ತೆಗೆದೆ, ಮೆಟ್ಟಿಲ ಮೇಲೆ ಎದುರುಮನೆಯ ಕೋಳಿ ನಿಂತಿತ್ತು. ಬಾಗಿಲು ಹಾಕಿಕೊಂಡೆ. ಇಟ್ಟವನು ಯಾರೆಂದು ನನಗೆ ಗೊತ್ತು. ಈಗ ಅವನ ಇಬ್ಬರು ಮಕ್ಕಳೂ ನನ್ನ ಗಂಟೆಗೇ ಶಾಲೆಗೆ ಬರುತ್ತಾರೆ. ಒಳ್ಳೆಯ ಮಕ್ಕಳು.

ಇಷ್ಟು ಹೇಳಿದ ಮೇಲೆ ವ್ಯಾನಿನ ವಿಷಯಕ್ಕೆ ಬರಬಹುದು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಲಾಂಗ್ ಬೆಲ್ ಹೊಡೆದು ಹೊರಗೆ ಬಂದರೆ, ಶಾಲೆಯ ಗೇಟಿನ ಎದುರು ಹೊಂಗೆಮರದ ಕೆಳಗೆ ಹಳೇ ಕಾಲದ ಒಂದು ಐಸ್‌ಕ್ರೀಮ್ ವ್ಯಾನು ನಿಂತಿತ್ತು. ಕೆಳಗರ್ಧ ತಿಳಿ ಗುಲಾಬಿ, ಮೇಲರ್ಧ ಕೆನೆ ಬಣ್ಣ. ಮುಂದಿನಿಂದ ನೋಡಿದರೆ ಕೆನ್ನೆ ಉಬ್ಬಿಸಿಕೊಂಡ ಮಗುವಿನ ಹಾಗಿತ್ತು. ತಲೆಯ ಮೇಲೆ ತಗಡಿನಲ್ಲಿ ಮಾಡಿದ ದೊಡ್ಡ ಕೋನು, ಅದಕ್ಕೊಂದು ನೆಗ್ಗು. ಡ್ರೈವರ್ ಕಿಟಕಿಯ ಮೇಲೆ ಕೊಕ್ಕೆಗೆ ತೂಗುಹಾಕಿದ ಹಿತ್ತಾಳೆಯ ಗಂಟೆ, ಅದರ ಹಗ್ಗ ಎಳೆಯುತ್ತ ಬೆವರು ಸುರಿಸುತ್ತಿದ್ದ ಒಬ್ಬ ಗಂಡಸು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವನಿರಬೇಕು. ನನ್ನನ್ನು ಕಂಡು ಹಗ್ಗ ಬಿಟ್ಟು ಕೆಳಗಿಳಿದ.

"ಅಕ್ಕೋರ, ನಿಮ್ಮೂರ ಮಂದಿ ಐಸ್‌ಕ್ರೀಮ್ ತಿನ್ನಂಗಿಲ್ಲೇನ್ರಿ? ಅರ್ಧ ತಾಸಾತು ಬಾರ್ಸಾಕತ್ತೇನಿ, ರಟ್ಟಿ ನೋಯಾಕತ್ತಾವು. ಗಂಟಿಗೂ ಏನಾಗೇತೋ, ಸಪ್ಪಳಾನ ಬರವಲ್ದು."

ಉತ್ತರದ ಕಡೆಯವನು ಎಂದು ಮಾತಿನಲ್ಲೇ ಗೊತ್ತಾಯಿತು. ಆದರೆ ನನ್ನ ಕಿವಿ ಸಿಕ್ಕಿಕೊಂಡದ್ದು ಮೊದಲ ಮಾತಿನಲ್ಲಿ. ಅಕ್ಕೋರಂತೆ! ನರೆತ ಮೀಸೆ ಇಟ್ಟುಕೊಂಡು ನನ್ನನ್ನು ಅಕ್ಕ ಎನ್ನುವುದಲ್ಲದೆ ಅದಕ್ಕೊಂದು ಮರ್ಯಾದೆಯ ಬಾಲ ಬೇರೆ.

"ಸದ್ದು ನಾಲ್ಕು ಗಂಟೆಗೆ ಬರುತ್ತೆ. ಬೇಕಿದ್ರೆ ನಿಂತಿರಿ," ಎಂದೆ.

ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಗಂಟೆಯನ್ನು ಬಿಚ್ಚಲು ಕೂತ. ನಾನು ಮನೆಗೆ ಹೋಗಬೇಕಾದವಳು ಹೋಗಲಿಲ್ಲ, ಕಾಂಪೌಂಡಿನ ಪಕ್ಕ ನಿಂತುಕೊಂಡೆ. ಸರಿಯಾಗಿ ನಾಲ್ಕಕ್ಕೆ, ಗಂಟೆಯ ಬಟ್ಟಲು ಅವನ ಮಡಿಲಿನಲ್ಲಿ, ನಾಲಿಗೆ ಅವನ ಕೈಯಲ್ಲಿ ಇರುವಾಗ, ತಲೆಯ ಮೇಲಿನ ಖಾಲಿ ಕೊಕ್ಕೆಯಿಂದ ಠಳ್ ಠಳ್ ಠಳ್ ಎಂದು ಶುರುವಾಯಿತು. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿದ್ದ ಗಂಟೆ ಅದು, ಠಣ್ ಎನ್ನುತ್ತಿರಲಿಲ್ಲ. ಅವನು ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡ. ಅರ್ಧ ಗಂಟೆ ಬಿಡದೆ ಬಾರಿಸಿದ್ದನಲ್ಲ, ಅರ್ಧ ಗಂಟೆ ಬಿಡದೆ ಕೇಳಿಸಿತು. ಒಂಬತ್ತನೇ ಕ್ಲಾಸಿನ ಗಣಿತದ ಪೀರಿಯಡ್ಡು ಕಿಟಕಿಯಿಂದಲೇ ಹಾರಿ ಬಂತು. ಹಿಂದೆಯೇ ಬೈಯಲು ಬಂದ ಹೆಡ್‌ಮಾಸ್ತರು ಎರಡು ಕಪ್ಪು ತಿಂದು, ಮೂರನೆಯದನ್ನು ಹೆಂಡತಿಗೆಂದು ಕಟ್ಟಿಸಿಕೊಂಡು ಹೋದರು.

ಮರುದಿನ ಅವನು ಗೇಟಿನ ಹತ್ತಿರ ಒಂದು ಕಪ್ ಐಸ್‌ಕ್ರೀಮ್ ಹಿಡಿದು ನನಗಾಗಿ ಕಾಯುತ್ತಿದ್ದ. ಹೆಸರು ದ್ಯಾಮಣ್ಣ ಎಂದ. ವ್ಯಾನು ಅವನ ಸೋದರಮಾವನದು. ಮಾವ ನಾಟಕ ಕಂಪನಿಗಳ ಹಿಂದೆ ಊರೂರು ತಿರುಗಿ ಐಸ್‌ಕ್ರೀಮ್ ಮಾರಿದವನು, ಇವನು ಬಿಸಿಲಿನ ಹಿಂದೆ ತಿರುಗುವವನು. ಯಾವ ಊರಿನಲ್ಲಿ ಬಿಸಿಲೋ ಆ ಊರಿನಲ್ಲಿ ಎರಡು ತಿಂಗಳು. ಗಂಟೆಯ ಬದಲು ರಬ್ಬರ್ ಹಾರನ್ ಹಾಕಿಕೊಳ್ಳಿ ಎಂದು ಹೇಳಿದೆ. ಅವನ ಮುಖ ಸಣ್ಣದಾಯಿತು.

"ಮಾವ ಸಾಯೂ ಮುಂದ ಗಾಡಿ ಕೊಡ್ಲಿಲ್ರೀ, ಗಂಟಿ ಕೊಟ್ಟ. ಗಾಡಿ ಅದರ ಹಿಂದ ಬಂತು. ಹಾರನ್ ಹಾಕಿದ್ರ ಎಮ್ಮಿ ಸರೀತಾವು, ಹುಡುಗ್ರು ಬರಂಗಿಲ್ಲ."

ನನಗೆ ಈ ಉತ್ತರ ಹಿಡಿಸಿತು. ಗಂಟೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರನ್ನು ನನ್ನನ್ನು ಬಿಟ್ಟು ನಾನು ನೋಡಿರಲಿಲ್ಲ. ಹಾಗಾಗಿ ದಾರಿ ಹೇಳಿಕೊಟ್ಟೆ. ನಾಲ್ಕು ಗಂಟೆಗೆ ಹೊರಟು ಬೀದಿಬೀದಿಗೂ ಗಂಟೆ ಬಾರಿಸಿಕೊಂಡು ಒಂದು ಸುತ್ತು ಹೋಗುವುದು. ಏನೂ ಕೇಳಿಸುವುದಿಲ್ಲ, ಏನೂ ಮಾರುವುದಿಲ್ಲ. ಐದಕ್ಕೆ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಇನ್ನೊಂದು ಸುತ್ತು. ಆಗ ಗಂಟೆಯೂ ವ್ಯಾನೂ ಒಟ್ಟಿಗೆ ಮನೆ ಮುಂದೆ ಇರುತ್ತವೆ. ಅದಕ್ಕೆ ಗಾಡಿ ಓಡಿಸುವವನೊಬ್ಬ, ಹಗ್ಗ ಎಳೆದು ಯಾವ ಬೀದಿಯಲ್ಲಿ ಎಷ್ಟು ನಿಮಿಷ ಎಂದು ಬರೆದುಕೊಳ್ಳುವವರೊಬ್ಬರು ಬೇಕು. ಈ ಊರಿನಲ್ಲಿ ಆ ಕೆಲಸ ನನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ನಾನೇ ಕೇಳಿ ಹತ್ತಿದೆನೋ ಅವನೇ ಕರೆದನೋ ಈಗ ಜಗಳವಿದೆ. ಅವನೇ ಕರೆದದ್ದು.

ಮೊದಲ ಸುತ್ತಿಗೆ ನಾವು ಮೂಕ ಸುತ್ತು ಎಂದು ಹೆಸರಿಟ್ಟುಕೊಂಡೆವು. ಗಂಟೆ ಕಿಟಕಿಯ ಮೇಲೆ ತೂಗುತ್ತಿರುತ್ತದೆ, ನಾಲಿಗೆ ಆ ಕಡೆ ಈ ಕಡೆ ಬಡಿಯುತ್ತದೆ, ಸದ್ದಿಲ್ಲ. ಹಿಂದುಗಡೆ ತೇಗದ ಪೆಟ್ಟಿಗೆಯಲ್ಲಿ ಉಪ್ಪು ಬೆರೆಸಿದ ಮಂಜುಗಡ್ಡೆ ಕುಲುಕುವುದು ಮಾತ್ರ ಕೇಳುತ್ತದೆ. ಗಿರಾಕಿಗಳಿಲ್ಲ, ಚಿಲ್ಲರೆ ಕೇಳುವವರಿಲ್ಲ. ಇಬ್ಬರೇ ಇದ್ದ ಮೇಲೆ ಮಾತಾಡದೆ ಇನ್ನೇನು ಮಾಡುವುದು? ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತು. ಬೆಳಿಗ್ಗೆ ಹಾಲು ಕಾಯಿಸುವಾಗ, ಮರದ ಬಕೆಟ್ಟಿನ ಹಿಡಿಕೆ ತಿರುಗಿಸುವಾಗ ಕೂಡ ನಾನು ಅಲ್ಲೇ ಇರತೊಡಗಿದೆ. ಏಲಕ್ಕಿಯದು ಮಾಡುತ್ತಿದ್ದ, ಗುಲ್ಕನ್ನಿನದು ಮಾಡುತ್ತಿದ್ದ. ಒಂದು ದಿನ ಬೋರ್ಡಿನಲ್ಲಿ ಪೇರಲ ಎಂದು ಬರೆದ. ಊರಿನ ಒಂದು ಪ್ರಾಣಿಯೂ ಅದನ್ನು ಕೇಳಲಿಲ್ಲ. ರುಚಿ ನೋಡಿ, ಅಯ್ಯೋ ಇದು ಸೀಬೆಹಣ್ಣು ಎಂದು ನಾನು ಬೋರ್ಡು ತಿದ್ದಿದೆ. ಉಪ್ಪು ಖಾರ ಉದುರಿಸಿದ ಸೀಬೆಹಣ್ಣಿನ ಐಸ್‌ಕ್ರೀಮು ಐದೂವರೆಗೆಲ್ಲ ಖಾಲಿಯಾಯಿತು.

"ಒಂದ ಹಣ್ಣು, ಹೆಸರು ಬ್ಯಾರೆ ಆದ್ರ ತಿನ್ನೂ ಮಂದೀನೂ ಬ್ಯಾರೆ ನೋಡ್ರಿ ಅಕ್ಕೋರ," ಎಂದ.

ಅವನು ಶಾಲೆಗೆ ಸಾಲಿ ಎನ್ನುತ್ತಿದ್ದ. ಕೂತುಕೊಳ್ಳಿ ಎನ್ನದೆ ಕುಂದ್ರಿ ಎನ್ನುತ್ತಿದ್ದ. ಎಲ್ಲವನ್ನೂ ನಾನು ಕಲಿತುಕೊಂಡೆ, ಅವನ ಎದುರು ಅಣಕಿಸುತ್ತಲೂ ಇದ್ದೆ. ಆದರೆ ಆ ಅಕ್ಕೋರ ಮಾತ್ರ ಪ್ರತಿ ಸಲವೂ ನನಗೆ ಚಪ್ಪಲಿಯೊಳಗಿನ ಕಲ್ಲು. ಅವನು ನನಗೆ ಇಷ್ಟವಾಗಿದ್ದ. ಸುತ್ತಿ ಬಳಸಿ ಹೇಳುವುದೇಕೆ? ಅವನು ಸ್ಟೀರಿಂಗಿನ ಮೇಲೆ ಒಂದೇ ಕೈ ಇಟ್ಟುಕೊಂಡು ಮಾವನ ಕಥೆ ಹೇಳುವುದು ಇಷ್ಟವಾಗಿತ್ತು. ಮೊದಲ ಚಮಚ ನನಗೇ ಕೊಟ್ಟು, ಸಕ್ಕರೆ ಸರಿಯಿದೆಯೋ ಎಂದು ನನ್ನ ಹುಬ್ಬನ್ನೇ ನೋಡುವುದು ಇಷ್ಟವಾಗಿತ್ತು. ಎಲ್ಲಕ್ಕಿಂತ ಇಷ್ಟವಾಗಿದ್ದು ಎರಡನೆಯ ಸುತ್ತು. ಸುಣ್ಣದ ಬೀದಿಯ ತಿರುವಿಗೆ ಬಂದಾಗ, ಒಂದು ಗಂಟೆಯ ಹಿಂದೆ ನಾನು ಎಳೆದ ಹಗ್ಗದ ಸದ್ದು ಅಲ್ಲಿಯೇ ನನಗಾಗಿ ಕಾದಿದ್ದ ಹಾಗೆ ಶುರುವಾಗುತ್ತಿತ್ತು. ಬಾಗಿಲುಗಳು ತೆರೆಯುತ್ತಿದ್ದವು, ಮಕ್ಕಳು ಲೋಟ ಹಿಡಿದು ಓಡಿಬರುತ್ತಿದ್ದರು. ನಾನು ಬಾರಿಸಿದ ಗಂಟೆಗೆ ಮಕ್ಕಳು ಖುಷಿಪಡುವಾಗ ನಾನೂ ಅಲ್ಲಿರುವುದು ನನಗೆ ಹೊಸದು. ಮೊದಲ ದಿನ ಕಣ್ಣಲ್ಲಿ ನೀರು ಬಂತು, ಐಸ್‌ಕ್ರೀಮಿನ ತಂಪು ಹಲ್ಲಿಗೆ ತಾಗಿತು ಎಂದು ಹೇಳಿದೆ.

ಮನೆಯಲ್ಲಿ ನಾನು ಮತ್ತು ನನ್ನ ಸೋದರತ್ತೆ ರುಕ್ಕಮ್ಮ ಇಬ್ಬರೇ. ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

"ಅವನು ನಿನ್ನನ್ನ ಅಕ್ಕ ಅಂತಾನೆ, ನೀನು ಅವನ್ನ ದ್ಯಾಮಣ್ಣ ಅಂತೀಯ. ಒಬ್ಬರಿಗೊಬ್ಬರು ಅಕ್ಕ ತಮ್ಮನೂ ಆದ್ರಿ, ಅಣ್ಣ ತಂಗೀನೂ ಆದ್ರಿ. ರಾಖಿ ತರಿಸ್ಲೇನೆ?" ಎಂದಳು ಒಂದು ದಿನ, ಹುರುಳಿಕಾಯಿ ಮುರಿಯುತ್ತ.

"ಅವರ ಹೆಸರೇ ಹಾಗಿದ್ರೆ ನಾನೇನು ಮಾಡ್ಲಿ ಅತ್ತೆ?"

"ನಿನ್ನ ಹೆಸರು ಹಾಗಿಲ್ವಲ್ಲ. ಅವನಿಗೇನು ರೋಗ?"

ಅದೇ ನನ್ನ ಪ್ರಶ್ನೆಯೂ ಆಗಿತ್ತು. ಕುಮುದ ಎಂದು ಕರೆಯಿರಿ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಅಕ್ಕ ಎಂದು ಕರೆಯುವುದು ಗಂಡಸರು ಮರ್ಯಾದೆಯಿಂದ ಹಾಕುವ ಬೇಲಿ. ಅದರ ಈಚೆಗೆ ನಿಂತು ನಾನು ಎರಡು ತಿಂಗಳು ಐಸ್‌ಕ್ರೀಮ್ ತಿಂದೆ.

ಮೇ ಕೊನೆಗೆ ಮೋಡ ಕಟ್ಟತೊಡಗಿತು. ಸಂಜೆ ಐದಕ್ಕೆ ಗಾಳಿ, ಹನಿ. ಗಂಟೆ ಕೇಳಿ ಬಾಗಿಲು ತೆರೆದ ಹೆಂಗಸರು ಮುಗಿಲು ನೋಡಿ, ಮಗೂಗೆ ಶೀತ ಆಗುತ್ತೆ ಎಂದು ಒಳಗೆ ಹೋಗುತ್ತಿದ್ದರು. ಒಂದು ಶುಕ್ರವಾರ ಮೂಕ ಸುತ್ತಿನಲ್ಲಿ, ದಿಬ್ಬದ ಮೇಲೆ ಗಾಡಿ ನಿಲ್ಲಿಸಿ ದ್ಯಾಮಣ್ಣ ಹೇಳಿದ.

"ಸೋಮವಾರ ಹೊಂಡಬೇಕಂತ ಮಾಡೇನ್ರಿ. ಇಲ್ಲೆ ಬಿಸಲ ಮುಗೀತು."

"ಹೋಗಿ ಬನ್ನಿ," ಎಂದೆ. ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಮೂರು ದಿನವಿತ್ತು, ನಾನಾಗಲೇ ಹೊಂಗೆಮರದ ಕೆಳಗಿನ ಖಾಲಿ ಜಾಗವನ್ನು ನೋಡುತ್ತಿದ್ದೆ.

ಅವನು ಸ್ವಲ್ಪ ಹೊತ್ತು ಸ್ಟೀರಿಂಗನ್ನು ಬಟ್ಟೆಯಿಂದ ಒರೆಸಿದ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

"ಅಕ್ಕೋರ, ನಿಮ್ಮೂರಾಗ ಮದಿವಿ ಹೆಂಗ ಕೇಳ್ತಾರ್ರಿ? ಗಂಟಿ ಇಡ್ತಾರಂತ ಮಂದಿ ಮಾತಾಡ್ತಾರ. ಹೆಂಗ ಅಂತ ನಂಗ ಪೂರಾ ಗೊತ್ತಿಲ್ಲ."

ಯಾರ ಮನೆಗಿರಬಹುದು ಎಂದುಕೊಂಡೆ. ಡ್ಯಾನ್ಸ್ ಟೀಚರು ಪ್ರತಿ ದಿನ ಎರಡೆರಡು ಗುಲ್ಕನ್ ಕಪ್ ತೆಗೆದುಕೊಳ್ಳುತ್ತಿದ್ದದ್ದು ನೆನಪಾಯಿತು. ಅಕ್ಕನ ಹತ್ತಿರ ಸಲಹೆ ಕೇಳುತ್ತಿದ್ದಾನೆ ತಮ್ಮ, ಕೇಳಲಿ. ಕಿಟಕಿಯ ಆಚೆ ನೋಡುತ್ತ, ಶಾಲೆಯ ನೋಟೀಸು ಓದುವ ಹಾಗೆ ಹೇಳಿದೆ.

"ಬಾಗಿಲ ಮುಂದೆ ಮೂರು ಸಲ ಬಾರಿಸಿ ಹೊರಟು ಹೋಗ್ಬೇಕು. ಯಾರ ಹತ್ರಾನೂ ಮಾತಾಡ್ಬಾರ್ದು. ಒಂದು ಗಂಟೆಗೆ ವಾಪಸ್ ಬಂದು ಮೆಟ್ಟಿಲ ಕೆಳಗೆ ನಿಂತಿರ್ಬೇಕು."

"ಒಂದು ಗಂಟೆಗೆ."

"ಹೂಂ, ಒಂದು ಗಂಟೆಗೆ. ಸರಿಯಾಗಿ ಬರ್ಬೇಕು. ಬರ್ದೇ ಹೋದ್ರೆ ಆ ಹೆಣ್ಣಿನ ಗತಿ ಏನಾಗುತ್ತೆ ಅಂತ ಇಟ್ಟವರಿಗೆ ಗೊತ್ತಾಗಲ್ಲ."

"ನಾ ಹಂಗ ಮಾಡಾವಲ್ರೀ," ಎಂದ, ತುಂಬ ಮೆಲ್ಲಗೆ. ಮಾಡಾವಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ಡ್ಯಾನ್ಸ್ ಟೀಚರ ಮೇಲೆ ಹೊಟ್ಟೆ ಉರಿಯಿತು.

ಶನಿವಾರ ತಲೆನೋವೆಂದು ಹೇಳಿ ನಾನು ವ್ಯಾನಿಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಬಲವಂತವಾಗಿ ಮಣೆಯ ಮೇಲೆ ಕೂರಿಸಿ, ತಲೆಗೆ ಹರಳೆಣ್ಣೆ ತಟ್ಟಿ ತಟ್ಟಿ, ಕುದಿಯುವ ನೀರು ಹೊಯ್ದಳು. ಹತ್ತು ಗಂಟೆಯಲ್ಲಿ ನಾನು ಬಚ್ಚಲಲ್ಲಿ ಸೀಗೆಪುಡಿಯ ಉರಿಗೆ ಕಣ್ಣು ಮುಚ್ಚಿ ಕೂತಿದ್ದೆ. ಹನ್ನೊಂದಕ್ಕೆ ಹಿತ್ತಲಿನಲ್ಲಿ, ಮಾಸಿದ ಸೀರೆಯಲ್ಲಿ ಕೂದಲು ಹರಡಿಕೊಂಡು ನಿಂತಿದ್ದಾಗ ಮುಂಬಾಗಿಲ ಕಡೆಯಿಂದ ಕೇಳಿಸಿತು. ಠಳ್. ಠಳ್. ಠಳ್.

ಆ ಸೀಳು ಗಂಟೆ ಊರಿಗೆಲ್ಲ ಒಂದೇ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಈಚೆ ಬಂದಳು. ಸೀರೆ ಬದಲಾಯಿಸೇ ಎಂದು ಅವಳು ಹೇಳುವಷ್ಟರಲ್ಲಿ ನಾನು ನಡುಮನೆ ದಾಟಿದ್ದೆ. ನನಗೆ ಆದ ಸಂತೋಷಕ್ಕೆ ನನಗೇ ನಾಚಿಕೆಯಾಗುವಂತಿತ್ತು. ಅಗುಳಿ ತೆಗೆದು ಬಾಗಿಲನ್ನು ಎರಡೂ ಕಡೆಗೆ ತಳ್ಳಿದೆ.

ಯಾರೂ ಇರಲಿಲ್ಲ. ಈ ಸಲ ಕೋಳಿಯೂ ಇರಲಿಲ್ಲ.

ಎದುರುಮನೆಯ ಶಾಕಾಂಬರಿ ತನ್ನ ಜಗುಲಿಯ ಮೇಲೆ ಎದ್ದು ನಿಂತಿದ್ದಳು. ಒಂದು ಗಂಟೆ ಬಾಯಿ ಕಟ್ಟಿಕೊಂಡು ಕೂತಿದ್ದ ಸಂಕಟವೆಲ್ಲ ಒಟ್ಟಿಗೆ ಹೊರಬಂತು.

"ಹತ್ತಕ್ಕೆ ಬಂದಿದ್ರು ಕಣೆ ಕುಮುದ! ಐಸ್‌ಕ್ರೀಮಿನವರೇ. ಗಾಡಿ ಅಲ್ಲೆಲ್ಲೋ ಬಿಟ್ಟು ಗಂಟೆ ಕೈಯಲ್ಲಿ ಹಿಡ್ಕೊಂಡು ನಡ್ಕೊಂಡು ಬಂದ್ರು. ಹೊಸಾ ಶರ್ಟು ಹಾಕಿದ್ರು. ಬರ್ತಾರೆ ಬಿಡು, ದಾರೀಲಿರ್ಬೇಕು."

ಐದು ನಿಮಿಷವಾಯಿತು. ಹತ್ತಾಯಿತು. ಬೀದಿಯ ಉದ್ದಕ್ಕೂ ಬಾಗಿಲುಗಳು ಅರ್ಧ ತೆರೆದುಕೊಂಡು, ಆಮೇಲೆ ಒಂದೊಂದಾಗಿ ಮರ್ಯಾದೆಯಿಂದ ಮುಚ್ಚಿಕೊಂಡವು. ಶಾಕಾಂಬರಿಯೂ ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಒಳಗೆ ಹೋದಳು. ಒಂದು ಗಂಟೆಯಲ್ಲಿ ಅವನಿಗೆ ಬುದ್ಧಿ ಬಂದಿರಬೇಕು ಎಂದುಕೊಂಡೆ. ಊರೂರು ತಿರುಗುವವನು, ಮೂವತ್ತೇಳು ವರ್ಷದ ಗಂಟೆ ಹೊಡೆಯುವವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾನೆ? ಸೋಮವಾರದವರೆಗೂ ಕಾಯಲಾರದೆ ಇವತ್ತೇ ಹೊರಟಿರಬಹುದು. ನನಗೆ ಅಳು ಬರಲಿಲ್ಲ.

"ಒಳಗೆ ಬಾ ಮಗಳೇ. ಬಾಗಿಲು ಹಾಕು," ಎಂದಳು ಅತ್ತೆ. ಅವಳ ದನಿಯಲ್ಲಿ ಕೀಟಲೆ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಹಾಕಲ್ಲ ಅತ್ತೆ. ಅವತ್ತು ಹಾಕ್ದೆ. ಇವತ್ತು ಹಾಕಲ್ಲ."

ಎಣ್ಣೆ ಹಚ್ಚಿಸಿಕೊಂಡ ಮಣೆಯನ್ನೇ ತಂದು ಹೊಸ್ತಿಲ ಪಕ್ಕ ಹಾಕಿಕೊಂಡು ಕೂತೆ. ನೋಡುವವರು ನೋಡಲಿ. ಅತ್ತೆ ಕಾಫಿ ತಂದಿಟ್ಟಳು, ಆರಿತು. ಸಾರನ್ನ ಕಲಸಿ ತಂದಳು, ಅದೂ ಆರಿತು. ಕೂದಲು ತಾನಾಗಿಯೇ ಒಣಗಿತು. ಇಟ್ಟವನನ್ನು ಹುಡುಕಿಕೊಂಡು ಹೋಗುವ ಪದ್ಧತಿ ನಮ್ಮೂರಿನಲ್ಲಿಲ್ಲ. ಹೋಗಿ ಏನೆಂದು ಕೇಳುವುದು? ಆದರೆ ಅವತ್ತು ಬಾಗಿಲು ಹಾಕಿದವಳು ಒಂದು ಮಾತನ್ನೂ ಕೇಳದೆ ಹನ್ನೆರಡು ವರ್ಷ ಕಳೆದಿದ್ದಳು. ಇನ್ನೊಂದು ಹನ್ನೆರಡು ವರ್ಷ ಹಾಗೆ ಕಳೆಯುವುದು ನನ್ನಿಂದಾಗದು ಎಂದು ಆ ಮಣೆಯ ಮೇಲೆ ಕೂತು ಸ್ಪಷ್ಟವಾಯಿತು. ಎದ್ದೆ. ಚಪ್ಪಲಿ ಹಾಕಿಕೊಂಡೆ. ಕೂದಲನ್ನು ಕೂಡ ಕಟ್ಟದೆ ಮೆಟ್ಟಿಲಿಳಿದೆ.

ಮೂರನೆಯ ಮೆಟ್ಟಿಲಿನ ಮೇಲಿರುವಾಗ ಬೀದಿಯ ತುದಿಯಲ್ಲಿ ಗುಲಾಬಿ ಬಣ್ಣದ ಆ ಉಬ್ಬು ಕೆನ್ನೆ ತಿರುಗಿತು. ವ್ಯಾನು ನಿಧಾನವಾಗಿ ಬಂದು ಸರಿಯಾಗಿ ನಮ್ಮ ಮನೆಯ ಮುಂದೆ ನಿಂತಿತು. ದ್ಯಾಮಣ್ಣ ಕಿಟಕಿಯಿಂದ ಕೈ ಹಾಕಿ ಮೂರು ಸಲ ಹಗ್ಗ ಎಳೆದ, ಸದ್ದಿಲ್ಲ. ಇಳಿದು, ಹೊಸ ಶರ್ಟಿನ ತೋಳು ಸರಿಮಾಡಿಕೊಂಡು, ಮೆಟ್ಟಿಲ ಕೆಳಗೆ ಕೈಮುಗಿದು ನಿಂತ. ಒಳಗೆ ಅತ್ತೆಯ ರೇಡಿಯೋ ಒಂದು ಗಂಟೆಯ ವಾರ್ತೆ ಶುರುಮಾಡಿತು.

"ಬಂದೇನ್ರಿ," ಎಂದ. ಮುಖದಲ್ಲಿ ಹೆಮ್ಮೆ ಬೇರೆ. "ಒಂದು ನಿಮಿಷ ಹಿಂದ ಮುಂದ ಆಗಿಲ್ಲ ನೋಡ್ರಿ."

"ಹನ್ನೊಂದಕ್ಕೆ ಬರ್ಬೇಕಿತ್ತು!" ನಾನು ಕೂಗಿದ್ದು ಬೀದಿಯ ಆ ತುದಿಗೂ ಕೇಳಿಸಿರಬೇಕು. ನನ್ನ ಗಂಟಲಿಗೆ ಒಂದು ಗಂಟೆ ತಡವಿಲ್ಲ. "ಹತ್ತಕ್ಕೆ ಬಾರಿಸಿದ್ರೆ ಹನ್ನೊಂದಕ್ಕೆ ಇಲ್ಲಿ ನಿಂತಿರ್ಬೇಕು. ಎರಡು ಗಂಟೆ ಕೂತಿದ್ದೀನಿ ನಾನಿಲ್ಲಿ. ಊರೆಲ್ಲ ನೋಡ್ತು. ಒಂದು ಗಂಟೆಗೆ ಬನ್ನಿ ಅಂತ ಹೇಳಿರ್ಲಿಲ್ವಾ?"

ಅವನು ರೇಡಿಯೋದ ಕಡೆ ನೋಡಿದ, ಕೈಗಡಿಯಾರ ನೋಡಿಕೊಂಡ, ಆಮೇಲೆ ನನ್ನನ್ನು ನೋಡಿದ.

"ಒಂದು ಗಂಟೆಗೇ ಬಂದೇನಲ್ರೀ?"

ಈಗ ರೇಡಿಯೋದ ಕಡೆ ತಿರುಗಿದ್ದು ನಾನು.

"ಒಂದು ತಾಸಿಗೆ ಬಾ ಅನ್ನಬೇಕಿತ್ತಲ್ರೀ?" ಅವನ ಮುಖದ ಬಣ್ಣ ಇಳಿಯುತ್ತಿತ್ತು. "ನಮ್ಮ ಕಡೆ ತಾಸು ಅಂದ್ರ ತಾಸು, ಒಂದು ಗಂಟೆ ಅಂದ್ರ ಮಧ್ಯಾಹ್ನ ಒಂದು. ಹತ್ತಕ್ಕ ಬಾರ್ಸಿದ್ರ ಹನ್ನೊಂದಕ್ಕ ಕೇಳ್ತೈತಿ, ಅಲ್ಲಿಂದ ಎರಡು ತಾಸು ಮನಿ ಮಂದಿ ವಿಚಾರ ಮಾಡ್ಲಿ ಅಂತ ಹಿರ್ಯಾರು ಇಟ್ಟಾರ ಅಂದ್ಕೊಂಡೆ. ಊಟದ ಹೊತ್ತು ಬ್ಯಾರೆ. ಚಲೋ ಪದ್ಧತಿ ಅಂತ ಖುಷಿನೂ ಪಟ್ಟೆ. ಹನ್ನೊಂದರಿಂದ ಹೊಂಗಿ ಗಿಡದ ಕೆಳಗ ಕುಂತು ಬೆವರಾಕತ್ತಿದ್ದೆ ಅಕ್ಕೋರ, ದೇವರಾಣಿ."

ನಗು ಬರುತ್ತಿತ್ತು. ಆದರೆ ಕೊನೆಯ ಆ ಅಕ್ಕೋರ ಕಿವಿಗೆ ಬಿದ್ದು ಮತ್ತೆ ಉರಿಯಿತು.

"ಇದೊಂದು ಹೇಳಿ. ಅಕ್ಕ ಅಂತ ಕರೆದವಳ ಮನೆ ಮುಂದೆ ಗಂಟೆ ಇಡೋದು ನಿಮ್ಮ ಕಡೆ ಇದ್ಯಾ?"

"ಯಾರು ಅಕ್ಕ ಅಂದ್ರು?"

"ನೀವೇ! ಮಾರ್ಚಿಂದ! ಅಕ್ಕೋರ, ಅಕ್ಕೋರ."

ಅವನು ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. "ಅಕ್ಕೋರು ಅಂದ್ರ ಸಾಲಿ ಟೀಚರ್ ರೀ! ನಮ್ಮ ಕಡೆ ಸಾಲಿ ಕಲಿಸೂ ಹೆಣಮಕ್ಕಳಿಗೆಲ್ಲ ಅಕ್ಕೋರು ಅಂತಾರ. ಮೊದಲನೇ ದಿನ ನೀವು ಸಾಲಿ ಗೇಟಿನಿಂದ ಬಂದ್ರಿ, ಅಂದೆ."

"ನಾನು ಕಲಿಸಲ್ಲ. ಗಂಟೆ ಹೊಡೀತೀನಿ."

"ನನಗ ಕಲಿಸಿದ್ರಲ್ಲ," ಎಂದ. "ಗಂಟಿ ಬಾರ್ಸೂದು."

ಎದುರು ಜಗುಲಿಯಿಂದ ಶಾಕಾಂಬರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮುಚ್ಚಿಕೊಂಡಿದ್ದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡಿದ್ದವು. ನಾನು ಅವನನ್ನು ದಾಟಿ ವ್ಯಾನಿನ ಹತ್ತಿರ ಹೋದೆ. ನಮ್ಮೂರಿನಲ್ಲಿ ಹೆಣ್ಣು ಗಂಟೆ ಇಟ್ಟದ್ದು ನಾನು ಕೇಳಿಲ್ಲ. ಕಿಟಕಿಯೊಳಗೆ ಕೈ ಹಾಕಿ ಹಗ್ಗ ಹಿಡಿದು ಮೂರು ಸಲ ಎಳೆದೆ. ನಾಲಿಗೆ ಬಡಿಯಿತು, ಸದ್ದು ಬರಲಿಲ್ಲ.

"ಈಗ ಒಳಗೆ ಬಂದು ಊಟ ಮಾಡಿ. ನನ್ನ ಉತ್ತರ ಎರಡು ಗಂಟೆ ದಾಟಿದ ಮೇಲೆ ಬರುತ್ತೆ."

"ಎರಡು ಗಂಟೆಗೋ, ಎರಡು ತಾಸಿಗೋ? ಈಗ ಹೇಳಿಬಿಡ್ರಿ."

"ಎರಡು ಗಂಟೆಗೆ. ಅಲ್ಲಿತನಕ ಮನಸ್ಸು ಬದಲಾಯಿಸೋಕೆ ನನಗೆ ಟೈಮಿದೆ," ಎಂದು ಒಳಗೆ ನಡೆದೆ.

ಅತ್ತೆ ಎಲೆ ಹಾಕಿ ಹುರುಳಿಕಾಯಿ ಪಲ್ಯ, ಸಾರು, ಹಪ್ಪಳ ಬಡಿಸಿದಳು. ಹೆಸರಿನಿಂದ ಹಿಡಿದು ಮಾವನವರೆಗೂ ಎಲ್ಲ ವಿಚಾರಿಸಿದಳು. ಊರೂರು ತಿರುಗುವವನಿಗೆ ಹೆಣ್ಣು ಕೊಡೋದು ಹೇಗಪ್ಪ ಎಂದು ಕೇಳಿದಳು. ಮಳೆಗಾಲವಿಡೀ ಇಲ್ಲೇ ಇರುತ್ತೇನೆ, ಬಿಸಿಲು ಬಂದಾಗ ಶಾಲೆಗೂ ರಜೆ ಬರುತ್ತದೆ, ಹೋದರೆ ಇಬ್ಬರೂ ಹೋಗುತ್ತೇವೆ ಎಂದ. ಇಷ್ಟೆಲ್ಲ ಯೋಚಿಸಿಟ್ಟಿದ್ದನೆಂದು ನನಗೆ ಗೊತ್ತಿರಲಿಲ್ಲ. ಹೇಳುವಾಗೆಲ್ಲ ನನ್ನ ಕಡೆಯೇ ನೋಡುತ್ತಿದ್ದ. ಎರಡನೆಯ ಸಲ ಅನ್ನ ಬಡಿಸುವಾಗ ಬಾಗಿಲ ಮುಂದೆ ಮೂರು ಸಲ ಠಳ್ ಎಂದಿತು. ಅದು ಒಂದಕ್ಕೆ ಅವನು ಬಾರಿಸಿದ್ದು. ನಾನು ಬಾರಿಸಿದ್ದು ಕೇಳಿಸಲು ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟು ಹೊತ್ತು ನಾವು ಮೆಟ್ಟಿಲ ಮೇಲೆ ಜಗಳವಾಡಿದ್ದೆವು.

ಅವನು ತುತ್ತನ್ನು ಕೈಯಲ್ಲೇ ಹಿಡಿದು ಕೂತ. ನಾನು ಎದ್ದೆ. ಕೈ ತೊಳೆದು ಹೊರಗೆ ಹೋಗಿ ಬಾಗಿಲನ್ನು ಎಳೆದುಕೊಂಡೆ. ಒಳಗಿನಿಂದ ಅತ್ತೆ ಅಗುಳಿ ಹಾಕಿದ್ದು ಕೇಳಿಸಿತು. ಪದ್ಧತಿ ಎಂದರೆ ಪದ್ಧತಿ. ಮೆಟ್ಟಿಲಿಳಿದು, ಇಟ್ಟವರು ನಿಲ್ಲಬೇಕಾದ ಜಾಗದಲ್ಲಿ ನಿಂತೆ. ಸಣ್ಣಗೆ ಹನಿಯುತ್ತಿತ್ತು. ಕೂದಲು ಮತ್ತೆ ಒದ್ದೆಯಾಗುತ್ತಿತ್ತು. ಹೋಗಬೇಕೆಂದರೆ ಬೀದಿ ಎರಡೂ ಕಡೆಗೆ ತೆರೆದಿತ್ತು, ಯಾರೂ ಹಿಡಿದಿರಲಿಲ್ಲ. ಆಗ ನನ್ನ ಬೆನ್ನ ಹಿಂದೆ ಗಂಟೆ ಕೇಳಿಸಿತು, ಮೂರು ಸಲ, ನಾನು ಎಳೆದಷ್ಟೇ ಜೋರಾಗಿ.

ಬಾಗಿಲು ತೆರೆಯಿತು. ಬಲಗೈಯಲ್ಲಿ ಸಾರನ್ನ ಮೆತ್ತಿಕೊಂಡು, ಎಡಗೈಯಲ್ಲಿ ಅಗುಳಿ ಹಿಡಿದು ದ್ಯಾಮಣ್ಣ ನಿಂತಿದ್ದ. ಮೆಟ್ಟಿಲ ಕೆಳಗೆ ನೋಡುವ ಮೊದಲು ಒಂದು ಕ್ಷಣ ಅವನು ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ.

"ಅದೀರಿ," ಎಂದ.

"ಇದ್ದೀನಿ," ಎಂದೆ.

"ಒಳಗ ಬಾ, ಕುಮುದಾ. ತೋಯ್ಸಿಕೊಳ್ಳಾಕತ್ತಿ."